ಮಗ್ ಅಂದ್ರೆ ಮೂತಿ

ಕೇಳುಗರಿಗೆ ನಮಸ್ಕಾರ.

ಬಚ್ಚಲಮನೆಯಲ್ಲಿ ಬಕೆಟ್ ಪಕ್ಕ ಕೂತಿರುತ್ತಲ್ಲ, ಆ ಮಗ್ ಬಗ್ಗೆ ಇವತ್ತು ಎರಡು ಮಾತು. ನಮಗೆ ಅದು ನೀರು ಮೊಗೆಯುವ ಸಾಮಾನು, ಇಲ್ಲವೇ ಕಾಫಿ ಕುಡಿಯುವ ದೊಡ್ಡ ಲೋಟ. ಇಂಗ್ಲಿಷರ ಆಡುಮಾತಿನಲ್ಲಿ ಮಗ್ ಅಂದರೆ ಮುಖ ಕೂಡ. ಅದೂ ಚೆಂದದ ಮುಖ ಅಲ್ಲ. ನಾವು ರೇಗಿದಾಗ ಮೂತಿ ಅನ್ನುತ್ತೇವಲ್ಲ, ಹಾಗೆ.

ಲೋಟಕ್ಕೂ ಮೂತಿಗೂ ನಂಟು ಬೆಸೆದವರು ಕುಂಬಾರರು ಅನ್ನೋದು ನಿಘಂಟುಗಳು ಹೆಚ್ಚಾಗಿ ಹೇಳುವ ಕತೆ. ಇಂಗ್ಲೆಂಡಿನಲ್ಲಿ ಬಿಯರ್ ಕುಡಿಯುವ ಪಾತ್ರೆಗಳ ಮೇಲೆ ಸೊಟ್ಟ ಮುಖಗಳನ್ನು ಮೂಡಿಸುವ ರೂಢಿ ಇತ್ತು. ಉಬ್ಬಿದ ಕೆನ್ನೆ, ದಪ್ಪ ಮೂಗು, ಹಲ್ಲುಕಿರಿಯುವ ಬಾಯಿ. ಹೆಂಡದಂಗಡಿಯಲ್ಲಿ ಎದುರು ಕೂತವನ ಮುಖವೂ ಎರಡು ಸುತ್ತು ಆದಮೇಲೆ ಹಾಗೇ ಕಾಣುತ್ತಿತ್ತೋ ಏನೋ! ಅಂತೂ 18ನೇ ಶತಮಾನದ ಶುರುವಿನಲ್ಲೇ ಮುಖಕ್ಕೆ ಮಗ್ ಅನ್ನೋ ಹೆಸರು ಅಂಟಿತ್ತು. ಆ ಶತಮಾನದ ನಡುವೆ ಸ್ಟಾಫರ್ಡ್‌ಶೈರ್ ಕುಂಬಾರರು ಟೋಬಿ ಜಗ್ ಮಾಡಿದರು. ಮೂರು ಮೂಲೆಯ ಟೋಪಿ ಹಾಕಿ ಕೂತ ಗುಂಡು ಮನುಷ್ಯ ಅದು. ಸುರಿಯೋದು ಅವನ ಟೋಪಿಯ ಮೂಲೆಯಿಂದ!

ಮುಖಕ್ಕೆ ಗುದ್ದುವುದೂ ಮಗ್ ಆಯಿತು. ಬೀದಿಯಲ್ಲಿ ಹೊಡೆದು ದೋಚುವವನು ಮಗ್ಗರ್ ಆದ. ಸಿಕ್ಕಿಬಿದ್ದವನ ಮುಖದ ಫೋಟೋ ಮಗ್‌ಶಾಟ್. ನದಿಯಲ್ಲಿರುವ ಮಗ್ಗರ್ ಮೊಸಳೆ ಮಾತ್ರ ಇವರ ನೆಂಟ ಅಲ್ಲ. ಅದು ನಮ್ಮ ಮಕರದ ಕಡೆಯದು.

ತಲೆಗೂ ಇದೇ ಪಾಡು. ಇಂಗ್ಲಿಷಿನ ನಾಗಿನ್ ಮೊದಲು ಪುಟ್ಟ ಬಟ್ಟಲು, ಆಮೇಲೆ ತಲೆ. ಫ್ರೆಂಚರು ತಲೆಗೆ ಅನ್ನುವ ತೇತ್ ಹುಟ್ಟಿದ್ದು ಮಡಕೆ, ಬೋಕಿ ಅನ್ನೋ ಅರ್ಥದ ಲ್ಯಾಟಿನ್ ಮಾತಿನಿಂದ. ಜರ್ಮನರ ಕೋಪ್ಫ್ ಕೂಡ ಹಿಂದೆ ಬಟ್ಟಲೇ. ಸಂಸ್ಕೃತದ ಕಪಾಲ ಅಂದರೆ ಬಟ್ಟಲೂ ಹೌದು, ತಲೆಯೋಡೂ ಹೌದು.

ನಾವೇನು ಕಮ್ಮಿ? ಸೋರೆಕಾಯಿ ಬಲಿತು ಒಣಗಿದರೆ ಬುರುಡೆ. ತಿರುಳು ಕೆರೆದು ಹಾಕಿದರೆ ನೀರು ತುಂಬಿಡೋಕೆ ಆಯಿತು. ಸೊಂಟಕ್ಕೆ ಕಟ್ಟಿಕೊಂಡರೆ ಈಜು ಕಲಿಯೋಕೂ ಆಯಿತು. ನಮ್ಮ ತಲೆಯೂ ಬುರುಡೆಯೇ ಅಲ್ವಾ? ಕರೆಂಟು ಬಂದಮೇಲೆ ಗಾಜಿನ ಬಲ್ಬೂ ಬುರುಡೆ ಆಯಿತು. ಇನ್ನು ಸುಮ್ನೆ ಕತೆ ಕಟ್ಟುವವನು ಬಿಡೋದೂ ಬುರುಡೆಯೇ.

ನಾನು ಇಷ್ಟೊತ್ತು ಬಿಟ್ಟಿದ್ದು ಮಾತ್ರ ಅದಲ್ಲ. ನಮಸ್ಕಾರ.