ಬೆಂಗಳೂರು–ಮಂಗಳೂರು: ಆಕಾಶದಲ್ಲಿ ಒಂದು ಗಂಟೆ, ನೆಲದ ಮೇಲೆ ಎಷ್ಟು?

ಟಿಕೆಟ್ ನೋಡಿ, ಪ್ರಯಾಣದ ಸಮಯ ಒಂದು ಗಂಟೆ ಚಿಲ್ಲರೆ ಅಂತ ಇದೆ. ನಾನಿನ್ನೂ ಬನಶಂಕರಿಯಲ್ಲಿ, ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ಸಿನಲ್ಲಿ ಕೂತಿದ್ದೇನೆ, ವಿಮಾನ ಹೊರಡುವುದಕ್ಕೆ ಮೂರೂವರೆ ಗಂಟೆ ಇದೆ, ಆದರೂ ಒಳಗೊಳಗೇ ಪುಕಪುಕ. ದಾರಿಯಲ್ಲಿ ಹೆಬ್ಬಾಳದ ಟ್ರಾಫಿಕ್ ಅಂದರೆ ಸುಮ್ನೆನಾ!

ಎರಡೂ ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 305 ಕಿಲೋಮೀಟರ್. ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಅಂತ ರಸ್ತೆಯಲ್ಲಿ ಹೋದರೆ 350ರ ಆಸುಪಾಸು. ಅಂಥಾ ದೊಡ್ಡ ವ್ಯತ್ಯಾಸವೇನೂ ಇಲ್ಲ. ಅದರಲ್ಲೂ ಮಂಗಳೂರು ಇರುವುದು ಪಶ್ಚಿಮಕ್ಕೆ, ನಾನು ಮೊದಲು ಹೋಗಬೇಕಾದ್ದು ವಿಮಾನ ನಿಲ್ದಾಣವಿರುವ ದೇವನಹಳ್ಳಿ ಕಡೆಗೆ, ಅಂದರೆ ಈಶಾನ್ಯಕ್ಕೆ, ಊರಿಗೆ ಬೆನ್ನು ಹಾಕಿಕೊಂಡು! 2008ರ ಮೇವರೆಗೆ ದೊಮ್ಮಲೂರಿನ ಆಚೆಗಿರುವ ಹಳೇ ಎಚ್‌ಎಎಲ್ ನಿಲ್ದಾಣದಿಂದಲೇ ಹಾರಬಹುದಿತ್ತು. ಆಮೇಲೆ ಆಕಾಶದ ದಾರಿ ಹೆಚ್ಚುಕಮ್ಮಿ ಹಾಗೇ ಉಳಿಯಿತು, ನೆಲದ ದಾರಿ ಬೆಳೆಯಿತು.

ಸಾದಹಳ್ಳಿ ಟೋಲ್, ಬ್ಯಾಗ್ ಕೌಂಟರ್, ಸೆಕ್ಯುರಿಟಿಯಲ್ಲಿ ಬೆಲ್ಟ್ ಬಿಚ್ಚುವುದು, ಇದೆಲ್ಲ ನಿಮಗೆ ಗೊತ್ತಿರುವುದೇ, ಫಾಸ್ಟ್ ಫಾರ್ವರ್ಡ್ ಮಾಡಿಬಿಡುತ್ತೇನೆ.

ಈಗ ಮಜಾ ನೋಡಿ. ಜೆಟ್ ವಿಮಾನ ಗಂಟೆಗೆ 800 ಕಿಲೋಮೀಟರ್ ಹೋಗುತ್ತದೆ ಅಂತೀವಿ. ಆ ಲೆಕ್ಕದಲ್ಲಿ 305 ಕಿಲೋಮೀಟರಿಗೆ ಇಪ್ಪತ್ಮೂರು ನಿಮಿಷ ಸಾಕು. ಆದರೆ ಆ ವೇಗ ಬರುವುದು ತುಂಬಾ ಮೇಲೆ ಹೋದಮೇಲೆ. ಇಲ್ಲಿ ಹತ್ತುವುದರಲ್ಲೇ ಅರ್ಧ ದಾರಿ ಮುಗಿಯುತ್ತದೆ, ಉಳಿದರ್ಧ ಇಳಿಯುವುದರಲ್ಲಿ. ಅದಕ್ಕೇ ಗಂಟೆಗೆ 500 ಕಿಲೋಮೀಟರ್ ಹೋಗುವ ರೆಕ್ಕೆಯಲ್ಲಿ ಫ್ಯಾನ್ ಇರುವ ಸಣ್ಣ ಎಟಿಆರ್ ವಿಮಾನ ಕೂಡ ಈ ದಾರಿಯಲ್ಲಿ ತೀರಾ ಹಿಂದೆ ಬೀಳುವುದಿಲ್ಲ. ಟಿಕೆಟ್‌ನಲ್ಲಿರುವ ಸಮಯದಲ್ಲಿ ಗೇಟಿನಿಂದ ರನ್‌ವೇವರೆಗೆ ಉರುಳುವುದೂ ಸೇರಿದೆ, ಅದು ನೆನಪಿರಲಿ.

ನನ್ನ ಪಕ್ಕದ ಅಂಕಲ್ ಉಪ್ಪಿಟ್ಟಿನ ಕಪ್ಪಿಗೆ ಬಿಸಿನೀರು ಹಾಕಿಸಿಕೊಂಡರು. ಮುಚ್ಚಳ ಮುಚ್ಚಿ, ಗಡಿಯಾರ ನೋಡುತ್ತಾ ಕೂತರು. ರವೆ ನೆನೆಯುವ ಹೊತ್ತಿಗೆ ಇಳಿಯುವ ಘೋಷಣೆ ಬಂತು, ಟ್ರೇ ಮಡಚಿ ಅಂದರು, ಪಾಪ ಅವರು ಕಪ್ ಕೈಯಲ್ಲಿ ಹಿಡಿದುಕೊಂಡು ಗಬಗಬ ತಿಂದರು.

ಕಿಟಕಿ ಆಚೆ ನೋಡಿ, ಅಡಿಕೆ ತೋಟ, ಹಂಚಿನ ಮನೆ, ಗುಡ್ಡದ ನೆತ್ತಿ ಸವರಿ ಮಾಡಿದ ರನ್‌ವೇ. ಅದೇ ಬಜ್ಪೆ, ಮಂಗಳೂರಿನ ವಿಮಾನ ನಿಲ್ದಾಣ. ಇಲ್ಲಿಂದ ಪೇಟೆ ನಡುವಿನ ಹಂಪನಕಟ್ಟೆಗೆ ಘಾಟಿಯಂಥ ತಿರುವುಗಳಲ್ಲಿ ಇನ್ನೂ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಒಟ್ಟು ಮನೆಯಿಂದ ಮನೆಗೆ ಐದೂವರೆ ಗಂಟೆ. ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸಿಗೆ ಏಳೆಂಟು ಗಂಟೆ, ಆದರೆ ಅದರಲ್ಲಿ ಮಲಗಬಹುದು. ನನ್ನ ಓಟು ಸ್ಲೀಪರ್ ಬಸ್ಸಿಗೇ. ನೀವು ವಿಮಾನ ನಿಲ್ದಾಣಕ್ಕೆ ಹತ್ತಿರದ ಯಲಹಂಕದವರಾದರೆ ಲೆಕ್ಕವೇ ಬೇರೆ, ಕಣ್ಣುಮುಚ್ಚಿ ವಿಮಾನ ಹತ್ತಿ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆದಾಗ ಎಲ್ಲರಿಗೂ ವಿಮಾನವೇ ನೆನಪಾಗುತ್ತದೆ, ಟಿಕೆಟ್ ದರವೂ ಅವತ್ತೇ ಏರಿ ಕೂತಿರುತ್ತದೆ.