ಮಂಗಳದ ಆ ಕಣಿವೇನ ಗ್ರ್ಯಾಂಡ್ ಕ್ಯಾನ್ಯನ್ ಅನ್ಬೇಡಿ

ನಮಸ್ಕಾರ ಎಲ್ರಿಗೂ. ಮಂಗಳ ಗ್ರಹದ ದೊಡ್ಡ ಕಣಿವೆ ವ್ಯಾಲೆಸ್ ಮ್ಯಾರಿನೆರಿಸ್ ಬಗ್ಗೆ ಯಾವ ವಿಡಿಯೋ ತೆಗೆದ್ರೂ ಮೊದಲನೇ ಮಾತೇ "ಮಂಗಳ ಗ್ರಹದ ಗ್ರ್ಯಾಂಡ್ ಕ್ಯಾನ್ಯನ್" ಅಂತ ಇರುತ್ತೆ, ನಂಗಂತೂ ಇದು ಒಪ್ಪಿಗೆ ಇಲ್ಲ. ಸೈಜ್ ವಿಷ್ಯ ಬಿಡಿ, ಉದ್ದ ಸುಮಾರು 4000 ಕಿಲೋಮೀಟರ್, ಅಂದ್ರೆ ಕಾಶ್ಮೀರದಿಂದ ಕನ್ಯಾಕುಮಾರಿ ತನಕ ಇಟ್ರೂ ಇನ್ನೂ ಮಿಗುತ್ತೆ, ಕೆಲವು ಕಡೆ ಆಳಾನೇ 7 ಕಿಲೋಮೀಟರ್. ನನ್ನ ತಕರಾರು ಇರೋದು ಅದು ಹುಟ್ಟಿದ ರೀತಿ ಬಗ್ಗೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನ ಕೊಲೊರಾಡೋ ನದಿ ಕೊರೀತು, ಇಲ್ಲಿ ನೆಲಾನೇ ಸೀಳಿದೆ!

ಮಂಗಳದ ಈ ಕಣಿವೆಯ ಪಶ್ಚಿಮಕ್ಕೆ ಥಾರ್ಸಿಸ್ ಇದೆ, ದೈತ್ಯ ಜ್ವಾಲಾಮುಖಿಗಳ ಜಾಗ, ಅಲ್ಲಿ ಲಾವಾ ಮೇಲೆ ಲಾವಾ ಸುರಿದು ಸುರಿದು ನೆಲ ಉಬ್ಬಿ, ಆ ಭಾರ ಆ ಎಳೆತ ತಡೀಲಾರ್ದೆ ಪಕ್ಕದ ನೆಲ ಬಿರುಕು ಬಿಟ್ಟು, ಬಿರುಕುಗಳ ಮಧ್ಯದ ಭಾಗ ಕೆಳಗೆ ಕುಸೀತು ಅನ್ನೋದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಆಮೇಲೆ ಗೋಡೆಗಳು ಜರಿದು ಜರಿದು ಕಣಿವೆ ಅಗಲ ಆಗ್ತಾ ಹೋಯ್ತು. ನೀರೇ ಹರಿದಿಲ್ಲ ಅಂತ ನಾನು ಹೇಳ್ತಿಲ್ಲ, ಪೂರ್ವದ ತುದೀಲಿ ಪ್ರವಾಹ ನುಗ್ಗಿದ ಕಾಲುವೆಗಳು ಕ್ರೈಸೆ ಬಯಲಿನ ಕಡೆ ಹೋಗಿವೆ. ಆದ್ರೆ ನದಿ ಕಣಿವೆ ಅಂದ್ಬಿಟ್ರೆ ಥಾರ್ಸಿಸ್ ಕತೇನೇ ಅಳಿಸಿ ಹೋಗುತ್ತಲ್ಲ.

ಕಣಿವೆಗೆ ಈ ಹೆಸರು ಬಂದಿದ್ದು ನಾಸಾದ ಮ್ಯಾರಿನರ್ 9 ನೌಕೆಯಿಂದ. 1971ರ ನವೆಂಬರ್‌ನಲ್ಲಿ ಅದು ಮಂಗಳದ ಕಕ್ಷೆ ಸೇರಿದಾಗ ಗ್ರಹಕ್ಕೆ ಗ್ರಹವೇ ಧೂಳಿನ ಬಿರುಗಾಳಿ, ಅದು ಇಳಿದು ಕಣಿವೆ ಕಾಣೋ ತನಕ ಕಾಯ್ಬೇಕಾಯ್ತು.

ಇನ್ನೊಂದು ವಿಷ್ಯ, ನಮ್ಮವರೇ ಇದನ್ನ ಜಾಸ್ತಿ ಮಾತಾಡ್ಬೇಕು. ಈ ಕಣಿವೆಯ ಉತ್ತರದ ಒಂದು ಭಾಗ ಓಫಿರ್ ಚಾಸ್ಮಾ, ಅದರ ಫೋಟೋನ 2015ರ ಜುಲೈನಲ್ಲಿ ಮಂಗಳಯಾನದ ಕಲರ್ ಕ್ಯಾಮೆರಾ ಸುಮಾರು 1850 ಕಿಲೋಮೀಟರ್ ಎತ್ತರದಿಂದ ತೆಗೀತು. ಆ ನೌಕೆ ಜೊತೆ ಮಾತಾಡ್ತಿದ್ದಿದ್ದು ಬೆಂಗಳೂರು ಹತ್ರದ ಬ್ಯಾಲಾಳುವಿನ ಆಂಟೆನಾ! ಈ ಕಣಿವೆ ಫೋಟೋಗಳನ್ನ ಜೂಮ್ ಮಾಡಿ ಗೋಡೆ ಬುಡ ನೋಡಿ, ಮೇಲೆ ಅರ್ಧಚಂದ್ರದ ಥರ ಕಚ್ಚಿ ತೆಗೆದ ಗುರುತು, ಕೆಳಗೆ ನಾಲಿಗೆ ಚಾಚಿದ ಹಾಗೆ ಮಣ್ಣು ಕಲ್ಲು ಹತ್ತಾರು ಕಿಲೋಮೀಟರ್ ಹರಡಿ ಬಿದ್ದಿರುತ್ತೆ, ಅದರ ಮೇಲೆ ಉದ್ದುದ್ದ ಗೀರು. ಒಂದು ಇಡೀ ಬೆಟ್ಟದ ಮಗ್ಗಲು ಜಾರಿ ಬಂದ ಜಾಗ ಅದು.