ನಾಯಿಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ ಸ್ವಾಮಿ!

ನಮಸ್ಕಾರ. ಇವತ್ತು ಮರಿಗಳ ಜಂತುಹುಳದ ಔಷಧಿ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಬೆಳಿಗ್ಗೆ ಒಂದು ಕಾಮೆಂಟ್ ಓದಿದೆ, ತಲೆ ಕೆಟ್ಟುಹೋಯಿತು. ಹುಳ ಮುಂದಿನ ವಾರ ನೋಡೋಣ.

ಹೆಣ್ಣು ನಾಯಿಯನ್ನು ಗಂಡಿನ ಜೊತೆ ಬಿಡುವ ದಿನ ರಕ್ತ ಪರೀಕ್ಷೆ ನೋಡಿ ಗೊತ್ತುಮಾಡಿ ಅಂತ ನಾನು ಹೇಳಿದ್ದಕ್ಕೆ ಬಂದ ಕಾಮೆಂಟ್ ಹೀಗಿದೆ: "ಅಣ್ಣಾ, ಸುಮ್ನೆ ಟೆಸ್ಟು ಗಿಸ್ಟು ಅಂತ ಜನರನ್ನು ಹೆದರಿಸಬೇಡಿ. 11ನೇ ದಿನ ಒಂದು, 13ನೇ ದಿನ ಒಂದು ಕ್ರಾಸ್ ಮಾಡಿಸಿದರೆ ಆಯ್ತು." ನನ್ನ ವಿಡಿಯೋಗಿಂತ ಅದಕ್ಕೇ ಲೈಕು ಜಾಸ್ತಿ!

ಯಾವುದರಿಂದ 11, ಗುರುವೇ? ಹೀಟ್‌ಗೆ ಬಂದ, ಅಂದರೆ ಬೆದೆ ಶುರುವಾದ, ದಿನದಿಂದ ಅಂತೀರಿ. ಆ ದಿನ ನಿಮಗೆ ಗೊತ್ತಾ? ನಿಮಗೆ ಗೊತ್ತಿರುವುದು ನೆಲದ ಮೇಲೆ ರಕ್ತದ ಹನಿ ಕಂಡ ದಿನ. ಕೆಲವು ಹೆಣ್ಣು ನಾಯಿಗಳು ನೆಕ್ಕಿಕೊಂಡು ಎಷ್ಟು ಚೊಕ್ಕವಾಗಿರುತ್ತವೆ ಅಂದರೆ, ನಾಲ್ಕು ದಿನ ಕಳೆದರೂ ಮನೆಯವರಿಗೆ ಸುಳಿವೇ ಸಿಗುವುದಿಲ್ಲ. ನಿಮ್ಮ 11 ಅವಳ 15 ಆಗಿರಬಹುದು. ನಾಯಿಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ ಸ್ವಾಮಿ.

ಸರಿ, ಮೊದಲ ದಿನ ಪಕ್ಕಾ ಗೊತ್ತು ಅಂತಲೇ ಇಟ್ಟುಕೊಳ್ಳಿ. ರಕ್ತ ಹೋಗುವ ಮೊದಲ ಹಂತ ಸರಾಸರಿ 9 ದಿನ. ಸರಾಸರಿ! ಕೆಲವಕ್ಕೆ ಮೂರೇ ದಿನ, ಕೆಲವಕ್ಕೆ ಎರಡು ವಾರ ದಾಟುತ್ತದೆ. ಆಮೇಲೆ ಗಂಡನ್ನು ಒಪ್ಪುವ ಹಂತ. ಅದೂ ಸರಾಸರಿ 9, ಅದರಲ್ಲೂ ಅಷ್ಟೇ ಏರುಪೇರು. ಒಂದೇ ನಾಯಿಗೂ ಕಳೆದ ಸಲದ ಲೆಕ್ಕ ಈ ಸಲ ಇರಬೇಕು ಅಂತೇನಿಲ್ಲ.

ನಾನೂ 11, 13 ಮಾಡಿಸಿದವನೇ. ನಮ್ಮ ಚಿನ್ನಿಗೆ, ಎರಡು ಸಲ. ಎರಡೂ ಸಲ ಚೆನ್ನಾಗಿ ಲಾಕ್ ಆಗಿ, ಅಂದರೆ ಗಂಡು ಹೆಣ್ಣು ಒಂದಕ್ಕೊಂದು ಸಿಕ್ಕಿಕೊಂಡು, ಇಪ್ಪತ್ತು ನಿಮಿಷ ನಿಂತಿದ್ದವು. ಮರಿಗಳಿಗೆ ಹೆಸರು ಕೂಡ ಯೋಚಿಸಿಟ್ಟಿದ್ದೆ. ಎರಡೂ ಸಲ ಖಾಲಿ. ಗಂಡಿನ ಮೇಲೆ ಅನುಮಾನಪಟ್ಟೆ, ಪಾಪ. ಮೂರನೇ ಸಲ ರಕ್ತ ಪರೀಕ್ಷೆ ಮಾಡಿಸಿದರೆ, ಅವಳ ಅಂಡಾಣು ಬಿಡುಗಡೆ ಆಗಿದ್ದು 20ನೇ ದಿನ! 22ಕ್ಕೆ ಒಂದು, 24ಕ್ಕೆ ಒಂದು ಬಿಟ್ಟೆವು. ಏಳು ಮರಿ.

ಅದೇ ದಿನ ಬಿಡದೆ ಎರಡು ದಿನ ಯಾಕೆ ಕಾದೆ? ಇಲ್ಲೇ ಇರುವುದು ಮಜಾ. ನಾಯಿಯ ಅಂಡಾಣು ಹೊರಗೆ ಬಂದಾಗ ಇನ್ನೂ ಕಾಯಿ. ಹಣ್ಣಾಗಲು ಎರಡು ಮೂರು ದಿನ ಬೇಕು. ಹಣ್ಣಾದ ಮೇಲೆ ಇರುವುದು ಮತ್ತೆ ಎರಡು ಮೂರು ದಿನ ಅಷ್ಟೇ. ಈ ಸಮಯ ಹಿಡಿಯಲು ಪ್ರೊಜೆಸ್ಟರಾನ್ ನೋಡಬೇಕು. ನಾಯಿಯಲ್ಲಿ ಈ ಹಾರ್ಮೋನು ಅಂಡಾಣು ಬಿಡುಗಡೆಗೆ ಮುಂಚೆಯೇ ಏರಲು ಶುರುವಾಗುತ್ತದೆ, ನಮ್ಮ ಪುಣ್ಯ. ಐದಾರನೇ ದಿನದಿಂದ ಎರಡು ಮೂರು ದಿನಕ್ಕೊಮ್ಮೆ ರಕ್ತ ಪರೀಕ್ಷೆಗೆ ಕೊಡಿ. ಮಿಲಿಲೀಟರಿಗೆ 1 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಮನೆಗೆ ಹೋಗಿ. 2, 3 ಆಯಿತಾ, ಇನ್ನೆರಡು ದಿನದಲ್ಲಿ ಬಿಡುಗಡೆ. 5ರ ಹತ್ತಿರ ಬಂತಾ, ಆಗುತ್ತಿದೆ. ಅಲ್ಲಿಂದ ಎರಡು ದಿನ ಎಣಿಸಿ. ಎಣಿಸಲೇಬೇಕು ಅಂತಿದ್ದರೆ ಇಲ್ಲಿ ಎಣಿಸಿ!

ಹಾಂ, ಒಬ್ಬರು ಗಾಬರಿಯಲ್ಲಿ ಮೆಸೇಜ್ ಹಾಕಿದ್ದರು. "ಸಾರ್, 16 ಬಂದಿದೆ, ದಿನ ಮೀರಿಹೋಯಿತು!" ರಿಪೋರ್ಟ್ ಕಳಿಸಿ ಅಂದೆ. ಅದು ಲೀಟರಿಗೆ ನ್ಯಾನೋಮೋಲ್ ಅನ್ನುವ ಬೇರೆ ಯೂನಿಟ್ಟಿನ ಲೆಕ್ಕ. 3.18ರಿಂದ ಭಾಗಿಸಿದರೆ ನ್ಯಾನೋಗ್ರಾಂ ಲೆಕ್ಕದಲ್ಲಿ ಹೆಚ್ಚುಕಮ್ಮಿ 5. ಮೀರಿಲ್ಲ, ಶುರುವಾಗಿದೆ. ಒಂದೇ ಲ್ಯಾಬಿಗೆ ಕೊಡಿ, ಯೂನಿಟ್ ನೋಡಿ. ಇಂಥದ್ದನ್ನು ಬಿಟ್ಟಿಯಾಗಿ ಹೇಳಿಕೊಡುವ ಚಾನೆಲ್ಲು ಇದು, ಸಬ್‌ಸ್ಕ್ರೈಬ್ ಆಗದವರು ಈಗಲೇ ಆಗಿಬಿಡಿ.

ಈಗ ತಾತಂದಿರ ವಿಚಾರ. "ನಮ್ಮ ತಾತ ಯಾವ ಟೆಸ್ಟೂ ಮಾಡಿಸಲಿಲ್ಲ, ಮರಿ ಆಗಲಿಲ್ವಾ?" ಆಯಿತು. ಯಾಕೆ ಗೊತ್ತಾ? ನೇರವಾಗಿ ಕೂಡಿದಾಗ ಒಳ್ಳೆ ಗಂಡಿನ ವೀರ್ಯಾಣು ಒಳಗೆ ಐದರಿಂದ ಏಳು ದಿನ ಬದುಕಿರಬಲ್ಲದು. ಮರಿ ಆದದ್ದು ತಾತನ ಲೆಕ್ಕ ಸರಿ ಇದ್ದದ್ದಕ್ಕಲ್ಲ, ವೀರ್ಯಾಣು ಕಾದು ಕೂತಿದ್ದಕ್ಕೆ. ತಣ್ಣಗಿಟ್ಟು ತಂದ ವೀರ್ಯವಾದರೆ ಅದು ಒಂದೆರಡು ದಿನದ ಆಟ. ಫ್ರೋಜನ್ ಆದರೆ, ಕರಗಿಸಿದ ಮೇಲೆ 12ರಿಂದ 24 ಗಂಟೆ. ಗಂಟೆ! ಅಲ್ಲಿಗೆ ಹೋಗಿ 11, 13 ಅನ್ನಿ ನೋಡೋಣ.

"ಬೀದಿ ನಾಯಿಗೆ ಯಾರು ಟೆಸ್ಟ್ ಮಾಡಿಸುತ್ತಾರೆ?" ಅಯ್ಯೋ ದೇವರೇ. ಬೀದಿ ನಾಯಿ ದಿನಕ್ಕೊಂದು ಗಂಡಿನ ಜೊತೆ ವಾರಗಟ್ಟಲೆ ಕೂಡುತ್ತದೆ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು. ನಿಮ್ಮ ಪ್ಲಾನೂ ಅದೇನಾ?

"ಬಾಲ ಪಕ್ಕಕ್ಕೆ ಸರಿಸಿ ನಿಂತಳು, ಇನ್ನೇನು ಬೇಕು?" ಅವಳು ಅಂಡಾಣು ಬರುವುದಕ್ಕೆ ದಿನಗಟ್ಟಲೆ ಮುಂಚೆಯೂ ನಿಲ್ಲುತ್ತಾಳೆ, ಆಮೇಲೂ ನಿಲ್ಲುತ್ತಾಳೆ. ಸ್ಮಿಯರ್, ಅಂದರೆ ಯೋನಿಯ ಜೀವಕೋಶ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆ, ಅಂತೀರಾ? ಹೀಟ್ ಮುಂದಕ್ಕೆ ಹೋಗುತ್ತಿದೆ ಅಂತ ಹೇಳುತ್ತದೆ, ಒಳ್ಳೆಯದೇ. ಅಂಡಾಣು ಇವತ್ತು ಬಂತು ಅಂತ ಹೇಳುವುದಿಲ್ಲ.

ಖರ್ಚು ಅಂತ ಗೊಣಗುವವರಿಗೆ: ಈ ಹೀಟ್ ತಪ್ಪಿದರೆ ಮತ್ತೆ ಆರೇಳು ತಿಂಗಳು ಕಾಯಬೇಕು. ಆಮೇಲೆ "ನಮ್ಮ ನಾಯಿ ಬಂಜೆ" ಅಂತ ಅವಳಿಗೇ ಹೆಸರಿಡುತ್ತೀರಿ. ಬಂಜೆ ಅವಳಲ್ಲ ಸ್ವಾಮಿ, ನಿಮ್ಮ ಗೋಡೆ ಮೇಲಿನ ಕ್ಯಾಲೆಂಡರು! ಅಂಡಾಣು ಬಿಡುಗಡೆ ದಿನ ಗೊತ್ತಿದ್ದರೆ ಮರಿ ಹಾಕುವ ದಿನವೂ ಗೊತ್ತು, ಅಲ್ಲಿಂದ 63 ದಿನ, ಒಂದು ದಿನ ಹೆಚ್ಚುಕಮ್ಮಿ. ಕ್ರಾಸ್ ಆದ ದಿನದಿಂದ ಎಣಿಸಿದರೆ 57ರಿಂದ 72ರವರೆಗೆ ಯಾವಾಗ ಬೇಕಾದರೂ. ಹದಿನೈದು ದಿನ ನಿದ್ದೆ ಬಿಟ್ಟು ಕಾಯುವ ಹುಮ್ಮಸ್ಸಿದ್ದರೆ ಕಾಯಿರಿ.

ಅಂದಹಾಗೆ, ಎರಡೂ ನಾಯಿಗೆ ಮೊದಲೇ ಬ್ರುಸೆಲ್ಲಾ ಟೆಸ್ಟ್ ಮಾಡಿಸಿ. ಗರ್ಭ ಹೋಗುವ ರೋಗ, ಮನುಷ್ಯರಿಗೂ ಹರಡುತ್ತದೆ. ಇದಕ್ಕೂ ತಾತನ ಕಥೆ ತಂದರೆ ಬ್ಲಾಕ್ ಮಾಡುತ್ತೇನೆ.

ಕೋಣ ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. 11 ಅಂತೆ. 13 ಅಂತೆ. 12 ಏನು ತಪ್ಪು ಮಾಡಿತ್ತು? ಅವತ್ತು ರಜಾನಾ? ಇರಿ, ಚಿನ್ನಿ ಬಾಗಿಲು ಕೆರೆಯುತ್ತಿದ್ದಾಳೆ. ಬಂದೆ ಕಣೇ! ಅವಳಿಗೂ ಸಿಟ್ಟು ಬಂದಿರಬೇಕು.

ಆ ಕಾಮೆಂಟ್ ಪಿನ್ ಮಾಡಿದ್ದೇನೆ. ಹೋಗಿ ಓದಿ. ಬೈಯಬೇಡಿ. ಸ್ವಲ್ಪ ಬೈದರೆ ಪರವಾಗಿಲ್ಲ.